ಸಂಚಕಾರ ಮೊದಲ, ರೇಟು ಆಮ್ಯಾಲೆ

ಮಾರ್ಚ್ ತಿಂಗಳು ಬಂತಂದ್ರ ಸಾಕು, ಸೆಕೆಂಡ್ ಪಿಯುಸಿ ಮಕ್ಕಳಿರೂ ಮನಿಗೆ ಫೋನ್ ಬರಾಕ ಶುರು ಆಗ್ತಾವ. ನಂಬರ್ ಅವರಿಗೆ ಎಲ್ಲಿಂದ ಸಿಗ್ತಾವೋ ದೇವರಿಗೇ ಗೊತ್ತು. ರೊಟ್ಟಿ ಬಡಿಯೂವಾಗ ಒಂದು, ದನಕ್ಕ ನೀರು ಕುಡಿಸೂವಾಗ ಒಂದು. "ಮೇಡಂ, ನಿಮ್ ಮಗಳಿಗೆ ಸ್ಕಾಲರ್‌ಶಿಪ್ ಸೆಲೆಕ್ಟ್ ಆಗಿದೆ, ಕಂಗ್ರಾಜುಲೇಷನ್ಸ್" ಅಂತ ಬೆಂಗಳೂರು ಕನ್ನಡದಾಗ ಒಬ್ಬಾಕಿ ಹುಡುಗಿ ಭಾರಿ ಖುಷಿಲೆ ಹೇಳ್ತಾಳ. ನಮ್ಮ ಮಗಳು ಪಾಸಾಗಿದ್ದು ನಮಗಿಂತ ಅಕಿಗೇ ಹೆಚ್ಚು ಸಂತೋಷ ಆಗೇತೇನೋ ಅನ್ನಬೇಕು, ಹಂಗ. ರಿಸಲ್ಟ್ ಮಾತ್ರ ಇನ್ನೂ ಬಂದಿರಂಗಿಲ್ಲ.

ನಮ್ಮ ಮನ್ಯಾಗ ಇದು ಆಗಿದ್ದು 2024ರಾಗ. ದೊಡ್ಡಾವ ಡಿಪ್ಲೊಮಾ ಮುಗಿಸಿ ಕೆಲಸಕ್ಕ ಹತ್ತಿದ್ದ. ಸಣ್ಣಾಕಿ ಸೈನ್ಸ್ ತಗೊಂಡಿದ್ಲು, ಕಂಪ್ಯೂಟರ್ ಸೈನ್ಸ್ ಓದಬೇಕು ಅನ್ನೂದು ಅಕಿ ಹಟ. ಅಕಿ ಕಾಲೇಜಿಗೆ ಒಂದು ಖಾಸಗಿ ಯೂನಿವರ್ಸಿಟಿಯವರು ಬಂದು ಒಂದು ತಾಸಿನ ಪರೀಕ್ಷಾ ಮಾಡಿ ಹೋಗಿದ್ರು. ಯುಗಾದಿ ಹಿಂದಿನ ದಿನ ಫೋನ್ ಬಂತು. ಟ್ಯೂಷನ್ ಫೀದಾಗ ನೂರಕ್ಕ 25 ಬಿಡ್ತೇವಿ, ಕಂಪ್ಯೂಟರ್ ಸೈನ್ಸ್ ಸೀಟು ಕೊಡ್ತೇವಿ, ಆದ್ರ ರವಿವಾರದೊಳಗ 25 ಸಾವಿರ ಕಟ್ಟಿ ಸೀಟು ಬ್ಲಾಕ್ ಮಾಡಬೇಕು. ರವಿವಾರ ಅಂದ್ರ ಏಪ್ರಿಲ್ 14. ಸಿಇಟಿ ಇದ್ದದ್ದು 18 ಮತ್ತು 19ಕ್ಕ. ಪರೀಕ್ಷಾ ಬರಿಯೂಕಿಂತ ನಾಲ್ಕು ದಿನ ಮೊದಲ ನಮ್ಮ ಮಾತು ಕೊಡಬೇಕಿತ್ತು. ಕೂಸು ಹುಟ್ಟೂ ಮುಂಚೆ ಕುಲಾವಿ ಹೊಲಿಸೂದು ಅಂತಾರಲ್ಲ, ಹಂಗ.

ನಾ ಕೇಳಿದೆ, "ಯವ್ವಾ, ನಾಲ್ಕು ವರ್ಷಕ್ಕ ಒಟ್ಟು ಎಷ್ಟು ಆಗ್ತೈತಿ?" ಅಂತ. "ಮೇಡಂ, ಸದ್ಯಕ್ಕೆ ಬ್ಲಾಕ್ ಮಾಡ್ಕೊಳ್ಳಿ, ಫೀ ಸ್ಟ್ರಕ್ಚರ್ ಆಮೇಲೆ ಮೇಲ್ ಮಾಡ್ತೀವಿ" ಅಂದ್ಲು.

ನನಗ ಅಲ್ಲೇ ತಡೀತು. ನಮ್ಮ ಕಡಿ ಹೊಲಾ ತಗೊಳ್ಳಿ, ಮನಿ ತಗೊಳ್ಳಿ, ಎತ್ತು ತಗೊಳ್ಳಿ, ಸಂಚಕಾರ ಕೊಡೂ ಪದ್ಧತಿ ಐತಿ. ಆದ್ರ ಸಂಚಕಾರ ಯಾವಾಗ ಕೊಡ್ತಾರ? ರೇಟು ಹೊಂದಿದ ಮ್ಯಾಲೆ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಹೊಡೆದು ನೋಡಿ, ದಲ್ಲಾಳಿ ಟವಲ್ ಒಳಗ ಬೆರಳು ಮುಟ್ಟಿ ರೇಟು ಕುದುರಿಸಿದ ಮ್ಯಾಲೆ ಕೈಯಾಗ ರೊಕ್ಕ ಇಡ್ತಾರ. ಇಲ್ಲಿ ಸಂಚಕಾರ ಮೊದಲ ಕೊಡ್ರಿ, ರೇಟು ಆಮ್ಯಾಲೆ ಹೇಳ್ತೇವಿ ಅಂತಾರ. ಎತ್ತಿನ ಸಂತ್ಯಾಗ ಹಿಂಗ ಅಂದ್ರ ನಕ್ಕು ಕಳಿಸ್ತಿದ್ರು. ಮಕ್ಕಳ ಓದು ಅಂದ್ಕೂಡ್ಲೆ ನಮಗ ಕೇಳಾಕ ಸಂಕೋಚ ಬಂದುಬಿಡ್ತೈತಿ.

ನಾ ಓದಿದ್ದು ಪಿಯುಸಿ ಕಾಮರ್ಸ್. ಜಮಾ ಖರ್ಚು ಬರಿಯೂದು ಬಿಟ್ರ ಅದರಾಗಿಂದು ಬ್ಯಾರೆ ಏನೂ ನೆನಪಿಲ್ಲ, ಆದ್ರ ಅದೊಂದು ಚೊಲೊ ನೆನಪೈತಿ. ಆವತ್ತು ಸಂಜಿಮುಂದ ಡೇರಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳಿ ತಗದು ಕುಂತೆ. ಸಣ್ಣಾಕಿ ಅವರ ಬ್ರೋಷರ್‌ನ್ಯಾಗ ಹುಡುಕಿ ಹುಡುಕಿ ಹೇಳಿದ್ಲು, ನಾ ಬರ್ಕೊಂಡೆ. ಟ್ಯೂಷನ್ ಫೀ ವರ್ಷಕ್ಕ 2,80,000. ನೂರಕ್ಕ 25 ಅಂದ್ರ 70,000 ಬಿಡ್ತಾರ, ಉಳಿಯೂದು 2,10,000. ಹಾಸ್ಟೆಲ್ಲು ಊಟ 1,20,000, ಅದಕ್ಕ ಸ್ಕಾಲರ್‌ಶಿಪ್ ಇಲ್ಲ. ಒಂದು ವರ್ಷಕ್ಕ 3,30,000 ಆತು. ನಾಲ್ಕು ವರ್ಷಕ್ಕ 13,20,000. ಇನ್ನ ಸಣ್ಣ ಅಕ್ಷರದಾಗ ಇನ್ನೊಂದು ಬರೆದಿದ್ರು. ಸ್ಕಾಲರ್‌ಶಿಪ್ ಮುಂದುವರೀಬೇಕಂದ್ರ ಪ್ರತಿ ವರ್ಷ ಇಷ್ಟು ಗ್ರೇಡ್ ತಗೀಬೇಕು ಅಂತ. ಮೊದಲ ವರ್ಷ ಆದ ಮ್ಯಾಲೆ ಅದು ತಪ್ಪಿದ್ರ ಒಟ್ಟು 15,30,000. ಹೆಸರಿಗೆ 25 ಪರ್ಸೆಂಟ್, ಒಟ್ಟು ಖರ್ಚಿನಾಗ ನೋಡಿದ್ರ ಮೊದಲನೇ ವರ್ಷವೂ ಅದು ನೂರಕ್ಕ 18ರ ಮ್ಯಾಲೆ ಹೋಗೂದಿಲ್ಲ. ಎಷ್ಟು ಬಿಡ್ತಾರ ಅನ್ನೂದನ್ನ ದಪ್ಪ ಅಕ್ಷರದಾಗ ಬರೀತಾರ. ಎಷ್ಟು ಉಳೀತೈತಿ ಅನ್ನೂದನ್ನ ನಾವ ಕೂಡಿಸಿ ಕಳೆದು ತಿಳ್ಕೋಬೇಕು.

ನಮ್ಮ ಆದಾಯ ಹೇಳ್ಬೇಕಂದ್ರ ಮೂರೂವರೆ ಎಕರೆ ಹೊಲ, ಗೋವಿನಜೋಳ, ಒಂದಿಷ್ಟು ಹತ್ತಿ, ಮತ್ತ ಒಂದು ಹಿಟ್ಟಿನ ಗಿರಣಿ. 2023ರಾಗ ಮಳಿ ಕೈ ಕೊಟ್ಟಿತ್ತು. ರಾಜ್ಯದಾಗ 223 ತಾಲ್ಲೂಕು ಬರ ಅಂತ ಸರ್ಕಾರ ಸಾರಿದ ವರ್ಷ ಅದು. ಗೋವಿನಜೋಳದ ತೆನಿ ಬೆರಳುದ್ದ ಬಂದಿದ್ವು. ಮನ್ಯಾಗ ಮುಟ್ಟದ ಇಟ್ಟಿದ್ದು ಅಂದ್ರ ನನ್ನ ಗೃಹಲಕ್ಷ್ಮಿ ರೊಕ್ಕ ಹನ್ನೆರಡು ಸಾವಿರ, ಮತ್ತ ನಮ್ಮ ಅತ್ತಿ ಕೊಟ್ಟ ಬಂಗಾರದ ಪಾಟ್ಲಿ. ನಮ್ಮನಿಯವ್ರು ಲೆಕ್ಕದ ಹಾಳಿ ನೋಡಿದ್ರು, ಮಾತಾಡ್ಲಿಲ್ಲ. ಸ್ವಲ್ಪ ಹೊತ್ತಾದ ಮ್ಯಾಲೆ "ಪಾಟ್ಲಿ ಇಟ್ರ 25 ಸಾವಿರ ಏನ್ ದೊಡ್ಡದಲ್ಲ" ಅಂದ್ರು. ಅದು ಖರೇನ. 25 ಸಾವಿರ ಹೆಂಗಾದ್ರೂ ಬರ್ತಿತ್ತು. ಹಿಂಗ ಮೊದಲ ರೊಕ್ಕ ಕೇಳೂವರು ಅದನ್ನ ತಿಳದ, ಹೊಂದಿಸಾಕ ಆಗೂವಷ್ಟನ್ನ ಕೇಳ್ತಾರ. 25 ಸಾವಿರ ಕಟ್ಟಿದಾವ ಉಳಿದಿದ್ದಕ್ಕ ಸಾಲಾ ಮಾಡಿ ಆದ್ರೂ ಹೋಗ್ತಾನ, ಕಟ್ಟಿದ್ದು ಹಾಳಾಗಬಾರದು ಅಂತ.

ಸಣ್ಣಾಕಿ ಅತ್ತಳು. ಅಕಿ ಗೆಳತ್ಯಾರು ಇಬ್ಬರು ಆಗ್ಲೇ ಕಟ್ಟಿದ್ರು. "ಸಿಇಟಿಯಾಗ ರ‍್ಯಾಂಕ್ ಬರ್ಲಿಲ್ಲ ಅಂದ್ರ ಏನ್ ಮಾಡ್ಲೆವ್ವಾ? ಅವಾಗ ನೀ ಸೀಟು ಕೊಡ್ತಿ ಏನು?" ಅಂದ್ಲು. ಅಕಿ ಅಂಜಿಕಿ ಸುಳ್ಳಲ್ಲ. ಕೈಯಾಗಿಂದು ಬಿಟ್ಟು ಬರೂದಕ್ಕ ಕಾಯೂದು ಅಂದ್ರ ಹದಿನೆಂಟರ ವಯಸ್ಸಿನಾಗ ಅಷ್ಟ ಅಲ್ಲ, ಐವತ್ತರಾಗೂ ಕಷ್ಟ. ಆ ರಾತ್ರಿ ನಾವು ಯಾರೂ ನೆಟ್ಟಗ ಊಟ ಮಾಡ್ಲಿಲ್ಲ.

ಮರುದಿನ ಯುಗಾದಿ. ನ್ಯೂಜೆರ್ಸಿಯಾಗ ಇರೂ ನಮ್ಮ ಅಕ್ಕನ ಮಗಳು ಹಬ್ಬದ ಫೋನ್ ಮಾಡಿದ್ಲು. ಬೇವು ಬೆಲ್ಲದ ಮಾತು ಮುಗಿದ ಮ್ಯಾಲೆ ನಾ ಇದನ್ನ ಹೇಳಿದೆ. "ಚಿಗವ್ವ, ಇಲ್ಲೂ ಇದ ಕತಿ" ಅಂದ್ಲು. ಅಕಿ ಮಗಳು ಹಿಂದಿನ ನವೆಂಬರ್‌ದಾಗ ಕಾಲೇಜಿಗೆ ಅರ್ಜಿ ಹಾಕಿದ್ಲಂತ. ಅಲ್ಲಿ ಅರ್ಲಿ ಡಿಸಿಷನ್ ಅಂತ ಒಂದು ಐತಿ. ಉಳಿದಾರು ಜನವರಿಗೆ ಅರ್ಜಿ ಹಾಕಿದ್ರ ಇವರು ನವೆಂಬರ್ 1ಕ್ಕ ಹಾಕ್ತಾರ, ಡಿಸೆಂಬರ್ ನಡುವ ಉತ್ತರ ಬರ್ತೈತಿ. ಹಂಗ ಹಾಕೂದು ಒಂದ ಕಾಲೇಜಿಗೆ. ಸೀಟು ಕೊಟ್ರ ಬಂದ ಬರ್ತೇನಿ ಅಂತ ಹುಡುಗಿ, ತಾಯಿತಂದಿ, ಸಾಲ್ಯಾಗಿನ ಕೌನ್ಸೆಲರ್ ಮೂರೂ ಮಂದಿ ಸಹಿ ಮಾಡಬೇಕು. ಸೀಟು ಬಂತಂದ್ರ ಬ್ಯಾರೆ ಕಡೆ ಹಾಕಿದ ಅರ್ಜಿ ಎಲ್ಲಾ ವಾಪಸ್ ತಗೀಬೇಕು. ಮೊದಲ ಮಾತು ಕೊಟ್ಟವರಿಗೆ ಸೀಟು ಸಿಗೂದು ಹಗುರ ಅಂತ ಜನ ಅದಕ್ಕ ಮುಗಿಬೀಳ್ತಾರಂತ.

"ರೊಕ್ಕದ ಚಿಂತಿ ಇಲ್ಲದಾರಿಗೆ ಇದು ಬಾಳ ಅನುಕೂಲ ಚಿಗವ್ವ. ರೊಕ್ಕ ಬೇಕಾದವರು ನಾಕು ಕಾಲೇಜಿನ ಪತ್ರ ಮುಂದಿಟ್ಕೊಂಡು ಯಾವುದು ಎಷ್ಟು ಕೊಡ್ತೈತಿ ಅಂತ ನೋಡಬೇಕಲ್ಲ? ಒಂದಕ್ಕ ಮಾತು ಕೊಟ್ರ ನೋಡೂದು ಎಲ್ಲಿ?" ಅಂದ್ಲು. ಮತ್ತ ಆ ವರ್ಷ ಅಲ್ಲಿ ಸರ್ಕಾರದ ಸಹಾಯಧನದ ಅರ್ಜಿ ಬ್ಯಾರೆ ತಡ ಆಗಿತ್ತಂತ. ಅಕ್ಟೋಬರ್‌ದಾಗ ತೆರೀಬೇಕಾದದ್ದು ಡಿಸೆಂಬರ್ ಕೊನಿಗೆ ತೆರೀತಂತ. ಮಾತು ಕೊಡೂದು ನವೆಂಬರ್‌ದಾಗ, ಸರ್ಕಾರದ ಅರ್ಜಿ ಡಿಸೆಂಬರ್ ಕೊನಿಗೆ. ಆದ್ರ ಅಲ್ಲಿ ಎರಡು ಚೊಲೊ ಅದಾವ ಅಂದ್ಲು. ಒಂದು, ಪ್ರತಿ ಕಾಲೇಜು ತನ್ನ ವೆಬ್‌ಸೈಟಿನ್ಯಾಗ ಒಂದು ಲೆಕ್ಕದ ಯಂತ್ರ ಇಡಬೇಕು ಅಂತ ಕಾಯ್ದೆ ಐತಿ. ನಮ್ಮ ಆದಾಯ ಆಸ್ತಿ ತುಂಬಿದ್ರ ನಮ್ಮ ಕೈಯಿಂದ ಸುಮಾರು ಎಷ್ಟು ಹೋಗ್ತೈತಿ ಅನ್ನೂದನ್ನ ಅರ್ಜಿ ಹಾಕೂಕಿಂತ ಮೊದಲ ತೋರಿಸ್ತೈತಿ. ಇನ್ನೊಂದು, ಸಹಿ ಮಾಡಿದ ಮ್ಯಾಲೂ ಅವರು ಕೊಟ್ಟ ಸಹಾಯಧನ ಸಾಲೂದಿಲ್ಲ ಅಂತ ತೋರಿಸಿದ್ರ ಆ ಮಾತಿನಿಂದ ಬಿಡುಗಡಿ ಕೊಡ್ತಾರ. ಅಕಿ ಮಗಳಿಗೆ ಕೊಟ್ಟದ್ದು ಹೊಂದಿತು, ಹೋದ್ಲು. ಲೆಕ್ಕದ ಯಂತ್ರದ ಮಾತು ಕೇಳಿ ನನಗ ನನ್ನ ಹಾಲಿನ ಪುಸ್ತಕದ ಹಾಳಿ ನೆನಪಾತು.

ರಿಸಲ್ಟ್ ಏಪ್ರಿಲ್ 10ಕ್ಕ ಬಂತು. ಸಣ್ಣಾಕಿ ಮಾರ್ಕ್ಸ್ ಚೊಲೊ ಬಂದಿದ್ವು, ಭಾರಿ ಅಲ್ಲ. ನಾವು ರವಿವಾರ ರೊಕ್ಕ ಕಟ್ಟಲಿಲ್ಲ. ಸೋಮವಾರ ಅಕಿ ಮತ್ತ ಫೋನ್ ಮಾಡಿದ್ಲು, ನಿಮಗೋಸ್ಕರ ಬುಧವಾರದ ತನಕ ಹಿಡಿದಿಡ್ತೀನಿ ಅಂತ. ಆಮ್ಯಾಲೆ ಮೇ ತಿಂಗಳತನಕ ಆ ಕಡೇ ದಿನಾಂಕ ಬರ್ತಾನ ಇತ್ತು.

ನಮ್ಮಂಥವರಿಗೆ ಸಿಇಟಿ ಅನ್ನೂದು ಯಾಕ ಬೇಕು ಅನ್ನೂದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ನಾ ಪಿಯುಸಿ ಮುಗಿಸಿದ ಕಾಲಕ್ಕ ಸಿಇಟಿ ಇರಲಿಲ್ಲ. ಡೊನೇಷನ್ ತಗೊಳ್ಳಬಾರದು ಅಂತ 1984ರಾಗ ಕಾಯ್ದೆ ಆಗಿತ್ತು, ಆದ್ರೂ ಎಂಜಿನಿಯರಿಂಗ್ ಅಂದ್ರ ಮೊದಲ ಕೇಳೂ ಮಾತು "ಎಷ್ಟು ಕೊಟ್ರಿ?" ಅಂತ. 1993ರಾಗ ಸುಪ್ರೀಂ ಕೋರ್ಟ್ ಉನ್ನಿಕೃಷ್ಣನ್ ಕೇಸಿನ ತೀರ್ಪು ಕೊಟ್ಟ ಮ್ಯಾಲೆ, 1994ರಿಂದ ನಮ್ಮ ರಾಜ್ಯದಾಗ ಸಿಇಟಿ ಬಂತು. ರ‍್ಯಾಂಕ್ ಪ್ರಕಾರ ಸೀಟು, ಮೊದಲ ಗೊತ್ತಿರೂ ಫೀ. ಆ ಪದ್ಧತ್ಯಾಗ ಏನೇನೋ ಕೊರತಿ ಇರಬಹುದು, ರೇಟು ಮೊದಲ ಹೇಳ್ತಾರ ಅನ್ನೂದೊಂದು ಮಾತ್ರ ನನಗ ಬಾಳ ದೊಡ್ಡದು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ್ಯಾಗ ವರ್ಷಕ್ಕ ಐವತ್ತು ಸಾವಿರದ ಒಳಗ, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಲಕ್ಷದ ಆಚೆ ಈಚೆ. ಅದನ್ನ ಹಾಳಿ ಮ್ಯಾಲೆ ಬರ್ಕೊಂಡು ವಿಚಾರ ಮಾಡಬಹುದು.

ಇನ್ನ ಎಸ್‌ಎನ್‌ಕ್ಯೂ ಅಂತ ಒಂದೈತಿ, ಸೂಪರ್ ನ್ಯೂಮರರಿ ಕೋಟಾ. ಇದನ್ನ ನಮ್ಮ ಊರ ಕಡಿ ಕೇಳಿದವರೇ ಕಡಿಮಿ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೇನಿ. ಪ್ರತಿ ಕೋರ್ಸಿನ್ಯಾಗ ಇರೂ ಸೀಟಿನ ಮ್ಯಾಲೆ ನೂರಕ್ಕ 5 ಹೆಚ್ಚಿನ ಸೀಟು ಇಡ್ತಾರ. ಮನಿ ಆದಾಯ ವರ್ಷಕ್ಕ 8 ಲಕ್ಷದ ಒಳಗಿದ್ದವರಿಗೆ ಅದು ರ‍್ಯಾಂಕ್ ಪ್ರಕಾರ ಸಿಗ್ತೈತಿ, ಟ್ಯೂಷನ್ ಫೀ ಇರಂಗಿಲ್ಲ, ಬ್ಯಾರೆ ಫೀ ಅಷ್ಟ. ಆದ್ರ ಅದಕ್ಕೂ ಒಂದು ಗಂಟು ಐತಿ. ಆ ಸೀಟು ತಗೊಂಡ ಮ್ಯಾಲೆ ಕಾಲೇಜು ಬದಲಿ ಮಾಡಾಕ, ಬ್ರಾಂಚ್ ಬದಲಿ ಮಾಡಾಕ ಬರಂಗಿಲ್ಲ. ಅದೂ ಒಂದು ಮಾತು ಕೊಟ್ಟಂಗ, ಆದ್ರ ರೇಟು ತಿಳಿದು ಕೊಡೂ ಮಾತು.

ಇದಕ್ಕೆಲ್ಲಾ ಕಾಗದ ಬೇಕು, ಮತ್ತ ಅವು ಮೊದಲ ಬೇಕು. ನಾಡಕಚೇರಿಯಿಂದ ಜಾತಿ ಆದಾಯದ ಸರ್ಟಿಫಿಕೇಟು, ಅದರ ಮ್ಯಾಲಿನ ಆರ್‌ಡಿ ನಂಬರ್. ಗ್ರಾಮೀಣ ಕೋಟಾಕ್ಕ ಒಂದನೇತ್ತದಿಂದ ಹತ್ತನೇತ್ತದ ತನಕ ಹಳ್ಳಿ ಸಾಲ್ಯಾಗ ಓದಿದ ಸರ್ಟಿಫಿಕೇಟು, ಅದಕ್ಕ ಬಿಇಒ ಸಹಿ. ಕನ್ನಡ ಮಾಧ್ಯಮದ್ದು ಬ್ಯಾರೆ. ಗ್ರಾಮೀಣಕ್ಕ ನೂರಕ್ಕ 15, ಕನ್ನಡ ಮಾಧ್ಯಮಕ್ಕ 5 ಸೀಟು ಅದಾವ. ಸಾಲ್ಯಾಗ ಹೆಡ್‌ಮಾಸ್ತರು ಒಂದಿನ ಇರಂಗಿಲ್ಲ, ಇನ್ನೊಂದಿನ ಸಿಕ್ಕಾ ಇರಂಗಿಲ್ಲ. ಹಿರೇಕೆರೂರಿಗೆ ನಾ ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಶಕ್ತಿ ಯೋಜನಾದಾಗ ಬಸ್ ಪುಕ್ಕಟೆ ಇದ್ದದ್ದು ಪುಣ್ಯ, ಕುಂದ್ರಾಕ ಜಾಗ ಸಿಗೂದು ಬ್ಯಾರೆ ಮಾತು.

ಸಿಇಟಿ ರಿಸಲ್ಟ್ ಜೂನ್ 1ಕ್ಕ ಬಂತು. ಆ ವರ್ಷ ಸಿಲೆಬಸ್ಸಿನ ಹೊರಗಿನ ಪ್ರಶ್ನಿ ಬಂದು ದೊಡ್ಡ ಗಲಾಟಿ ಆಗಿ, 50 ಪ್ರಶ್ನಿ ಬಿಟ್ಟು ಮಾರ್ಕ್ಸ್ ಹಾಕಿದ್ರು. ಅದರ ಹಿಂದ ನೀಟ್ ಗದ್ದಲ ಸುಪ್ರೀಂ ಕೋರ್ಟಿಗೆ ಹೋತು. ಎಲ್ಲಾ ಒಂದರ ಹಿಂದ ಒಂದು ತಡ ಆಗಿ, ಸೀಟು ಹಂಚೂ ಕೆಲಸ ಆಗಸ್ಟ್ ದಾಟಿತು. ಖಾಸಗಿ ಯೂನಿವರ್ಸಿಟಿಯವು ಕ್ಲಾಸ್ ಶುರು ಮಾಡಿದ್ವು. ಸಣ್ಣಾಕಿ ಗೆಳತಿ ಐಡಿ ಕಾರ್ಡ್ ಹಾಕ್ಕೊಂಡ ಫೋಟೊ ಸ್ಟೇಟಸ್ಸಿಗೆ ಇಡ್ತಿದ್ಲು. ನಮ್ಮಾಕಿ ಗಿರಣ್ಯಾಗ ಅಪ್ಪನ ಜೊತಿ ಹಿಟ್ಟು ಜರಡಿ ಹಿಡೀತಿದ್ಲು. ನನ್ನ ಕೂಡ ಮಾತು ಕಡಿಮಿ ಮಾಡಿದ್ಲು. ನಾ ಅದನ್ನ ನುಂಗ್ಕೊಂಡೆ. ಯಾರಾದ್ರೂ "ಏನ್ರೀ, ಮಗಳು ಎಲ್ಲಿ ಹಚ್ಚಿದ್ರಿ?" ಅಂದ್ರ "ಸಿಇಟಿ ನೋಡ್ತೇವ್ರಿ" ಅನ್ನೂದು. ಮೂರು ತಿಂಗಳು ಅದ ಉತ್ತರ.

ಆಪ್ಷನ್ ಎಂಟ್ರಿ ಮಾಡೂವಾಗ ನಮಗಿಬ್ಬರಿಗೂ ಜಗಳಾನ ಆತು. ಅಕಿ ಹೆಸರಿದ್ದ ಕಾಲೇಜು ಎಲ್ಲಾ ಮ್ಯಾಲೆ ಹಾಕಿದ್ಲು. ನಾ ಅಂದೆ, ನಮಗ ಫೀ ಕಟ್ಟಾಕ ಆಗದ ಕಾಲೇಜು ಯಾದಿಯಾಗ ಇರಾಕ ಬ್ಯಾಡ. ಬರದ್ರ ಸಿಗಬಹುದು, ಸಿಕ್ರ ಅದರ ಕೆಳಗಿನವು ಎಲ್ಲಾ ಅಳಿಸಿ ಹೋಗ್ತಾವ. ಕೆಳಗ ಇರೂದು ನಮಗ ಆಗೂ ಕಾಲೇಜು ಇರ್ತೈತಿ. ಕಡಿಗೆ ಹಾಲಿನ ಪುಸ್ತಕದಾಗ ಪ್ರತಿ ಕಾಲೇಜಿನ ಮುಂದ ಫೀ, ಹಾಸ್ಟೆಲ್ಲು, ಬಸ್ಸು ಬರೆದು ಯಾದಿ ಮಾಡಿದ್ವಿ. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ದಾವಣಗೆರೆಯ ಯುಬಿಡಿಟಿ, ಆಮ್ಯಾಲೆ ರಾಣೆಬೆನ್ನೂರು, ಶಿವಮೊಗ್ಗ, ಹುಬ್ಬಳ್ಳಿ. ಎಸ್‌ಎನ್‌ಕ್ಯೂ ಬೇಕು ಅಂತ ಗುರುತು ಹಾಕಿದ್ವಿ.

ಮೊದಲ ಸುತ್ತಿನ್ಯಾಗ ಒಂದು ಖಾಸಗಿ ಕಾಲೇಜಿನ ಎಲೆಕ್ಟ್ರಾನಿಕ್ಸ್ ಬಂತು. ಎಸ್‌ಎನ್‌ಕ್ಯೂ ಬರಲಿಲ್ಲ. ಅಲ್ಲಿ ನಾಕು ದಾರಿ ಇರ್ತಾವ. ಒಂದನೇದು, ಇದ ಸಾಕು ಅಂತ ಫೀ ಕಟ್ಟಿ ಸೇರೂದು. ಎರಡನೇದು, ಇದು ಕೈಯಾಗ ಇರ್ಲಿ, ಮ್ಯಾಲಿನದು ಸಿಕ್ರ ಅದನ್ನ ತಗೊಳ್ಳೂದು, ಅದು ಸಿಕ್ಕ ಕೂಡ್ಲೆ ಇದು ತಾನ ಹೋಗ್ತೈತಿ. ಮೂರನೇದು, ಇದನ್ನ ಬಿಟ್ಟು ಮುಂದಿನ ಸುತ್ತಿಗೆ ಕಾಯೂದು. ನಾಲ್ಕನೇದು, ಪೂರ್ತಿ ಬಿಟ್ಟು ಹೋಗೂದು. ಯಾವುದಕ್ಕ ಯಾವಾಗ ರೊಕ್ಕ ಕಟ್ಟಬೇಕು ಅನ್ನೂ ನಿಯಮ ವರ್ಷಾ ವರ್ಷಾ ಬದಲಿ ಆಗ್ತಾವ, ಆ ವರ್ಷದ ಕೆಇಎ ಪ್ರಕಟಣಿ ಓದಿ ನೋಡ್ರಿ, ಮಂದಿ ಮಾತು ಕೇಳಬ್ಯಾಡ್ರಿ. ಎರಡನೇದನ್ನ ಒತ್ತಿದ್ಲು. ಮಾತು ಕೊಟ್ಟಂಗೂ ಆಗಿ ಬಾಗಿಲಾ ತೆರೆದಂಗೂ ಇರೂ ಇಂಥಾದೊಂದು ದಾರಿ ಅಮೆರಿಕಾದಾಗೂ ಇಲ್ಲಂತ, ಅಕ್ಕನ ಮಗಳು ಕೇಳಿ "ಇದು ಚೊಲೊ ಐತಲ್ಲ" ಅಂದ್ಲು. ಎರಡನೇ ಸುತ್ತಿನ್ಯಾಗ ದೇವಗಿರಿಯಾಗ ಕಂಪ್ಯೂಟರ್ ಸೈನ್ಸ್ ಬಂತು. ಸಣ್ಣಾಕಿ ಮೊಬೈಲ್ ನನ್ನ ಮುಂದ ಹಿಡಿದು ನಿಂತ್ಲು, ಏನೂ ಅನ್ನಲಿಲ್ಲ. ಆವತ್ತು ಹೋಳಿಗಿ ಮಾಡು ಅಂತ ಅಕಿನ ಕೇಳಿದ್ಲು.

ಹಾವೇರಿಯಾಗ ಬಿಸಿಎಂ ಹಾಸ್ಟೆಲ್ ಸಿಕ್ತು. ಸಿಗದಿದ್ರ ವಿದ್ಯಾಸಿರಿಗೆ ಅರ್ಜಿ ಹಾಕೂ ವಿಚಾರ ಇತ್ತು. ಲ್ಯಾಪ್‌ಟಾಪ್ ಸಲುವಾಗಿ ಪಾಟ್ಲಿ ಒಂದು ಸಲ ಸೊಸೈಟಿಗೆ ಹೋಗಿ ಬಂದಾವ. ಬರದ್ದು ಅಷ್ಟ.

ಮೊದಲ ರೊಕ್ಕ ಕಟ್ಟಿದ ಗೆಳತ್ಯಾರು ಇಬ್ಬರಲ್ಲಿ ಒಬ್ಬಾಕಿ ಅಲ್ಲೇ ಓದ್ತಾಳ, ಚೊಲೊ ಅದಾಳ, ಅವರಪ್ಪಂದು ಅಡಿಕಿ ತೋಟ ಐತಿ. ಇನ್ನೊಬ್ಬಾಕಿಗೆ ಸೆಪ್ಟೆಂಬರ್‌ದಾಗ ಸಿಇಟಿ ಸೀಟು ಬಂತು. ರೊಕ್ಕ ವಾಪಸ್ ಕೇಳಿದ್ರ "ನಾನ್ ರಿಫಂಡೆಬಲ್ ಅಂತ ಫಾರ್ಮಿನಲ್ಲೇ ಬರೆದಿದೆ" ಅಂದ್ರಂತ, ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಸೈತ ಅವರ ಕಡೇನ ಇತ್ತು. ಆ ವರ್ಷ ಯುಜಿಸಿ ಹೇಳಿದ್ದು, ಸೆಪ್ಟೆಂಬರ್ 30ರ ಒಳಗ ಬಿಟ್ರ ಪೂರ್ತಿ ಫೀ ವಾಪಸ್, ಅಕ್ಟೋಬರ್ 31ರ ತನಕ ಸಾವಿರ ರೂಪಾಯಿಕ್ಕಿಂತ ಹೆಚ್ಚು ಹಿಡಿಯಂಗಿಲ್ಲ ಅಂತ. ಒರಿಜಿನಲ್ ಇಟ್ಕೊಳ್ಳೂ ಹಕ್ಕು ಯಾವ ಕಾಲೇಜಿಗೂ ಇಲ್ಲ, ಅದು 2018ರ ಯುಜಿಸಿ ಆದೇಶದಾಗ ಐತಿ. ಅವರಪ್ಪ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ದಾಗ ದೂರು ಹಾಕಿದ. ಮಾರ್ಕ್ಸ್ ಕಾರ್ಡ್ ಲಗೂನ ಬಂತು. ರೊಕ್ಕ ದೀಪಾವಳಿ ಹೊತ್ತಿಗೆ ಬಂತು, ಅದೂ ಪೂರ್ತಿ ಅಲ್ಲ. ಅಷ್ಟೊತ್ತಿಗೆ ಆ ರೊಕ್ಕಕ್ಕ ಕಟ್ಟಿದ ಬಡ್ಡಿ ಯಾರು ಕೊಡ್ತಾರ?

ಸಾಲದ ಮಾತು ಬಂತಂತ ಇನ್ನೊಂದು. 2024ರ ನವೆಂಬರ್‌ದಾಗ ಕೇಂದ್ರ ಸರ್ಕಾರ ಪಿಎಂ ವಿದ್ಯಾಲಕ್ಷ್ಮಿ ಅಂತ ತಂದೈತಿ. ಆದಾಯ 8 ಲಕ್ಷದ ಒಳಗಿದ್ರ 10 ಲಕ್ಷದ ತನಕದ ಸಾಲಕ್ಕ, ಓದು ಮುಗಿದು ಒಂದು ವರ್ಷ ಆಗೂತನಕ ಬಡ್ಡಿಯಾಗ ನೂರಕ್ಕ 3 ಸರ್ಕಾರ ಹೊರ್ತೈತಿ. ಆದ್ರ ಅದು ಎಲ್ಲಾ ಕಾಲೇಜಿಗೂ ಇಲ್ಲ, ಅವರ ಯಾದಿಯಾಗ ಇದ್ದ ಕಾಲೇಜಿಗಷ್ಟ. ಬ್ಯಾಂಕಿನವರು ಸಾಲಾ ಕೊಡ್ತಾರ ಅಂತ ಫೋನಿನ್ಯಾಗ ಹೇಳೂ ಮಾತು ನಂಬಿ ಮೊದಲ ರೊಕ್ಕ ಕಟ್ಟೂಕಿಂತ, ಆ ಕಾಲೇಜಿನ ಹೆಸರು ಯಾದಿಯಾಗ ಐತೋ ಇಲ್ಲೋ ನೋಡಿಬಿಡ್ರಿ.

ಈ ಸಲ ನಮ್ಮ ಓಣ್ಯಾಗಿನ ಒಬ್ಬಾಕಿಗೆ ಅಂಥಾದ ಫೋನ್ ಬಂದೈತಿ. ಈಗ 30 ಪರ್ಸೆಂಟ್ ಬಿಡ್ತಾರಂತ, ಶನಿವಾರ ಕಡೇ ದಿನ ಅಂತ. ಮೊನ್ನೆ ಅವರವ್ವ ಫೋನ್ ತಗೊಂಡು ನಮ್ಮ ಕಟ್ಟಿ ಮ್ಯಾಲೆ ಬಂದು ಕುಂತ್ಲು. ಬ್ಯಾಡ ಅನ್ನಾಕ ನಾ ಯಾರು, ಅವರ ಮನಿ ಲೆಕ್ಕ ಅವರಿಗೆ ಗೊತ್ತು. ಇಬ್ಬರೂ ಸೇರಿ ಸಣ್ಣಾಕಿ ಹೇಳಿಕೊಟ್ಟಂಗ ಒಂದು ಮೆಸೇಜ್ ಬರೆದು ಕಳಿಸಿದ್ವಿ. ನಾಲ್ಕು ವರ್ಷದ ಒಟ್ಟು ಫೀ, ಹಾಸ್ಟೆಲ್ ಸೇರಿ, ಎಷ್ಟು? ಸ್ಕಾಲರ್‌ಶಿಪ್ ಯಾವ ಗ್ರೇಡಿಗೆ ನಿಲ್ತದ? ಸಿಇಟಿ ಸೀಟು ಬಂದು ಬಿಟ್ರ ರೊಕ್ಕ ಎಷ್ಟು ದಿನಕ್ಕ ವಾಪಸ್? ಕಾಲೇಜಿನ ಲೆಟರ್‌ಹೆಡ್ ಮ್ಯಾಲೆ ಬರೆದು ಕಳಿಸ್ರಿ ಅಂತ. ನೀಲಿ ಗೆರಿ ಎರಡು ಬಂದಾವ, ಓದ್ಯಾರ. ಇವತ್ತಿಗೆ ಮೂರು ದಿನ ಆತು, ಉತ್ತರ ಇನ್ನೂ ಬಂದಿಲ್ಲ.